ಬಸುರಿ ಇರುವ ಮನೆಯ ಮಾಳಿಗೆ

ಕಾದ ಡಾಂಬರಿನ ವಾಸನೆ ಬಂದರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. ಮೊನ್ನೆ ನಮ್ಮ ಅಪಾರ್ಟ್‌ಮೆಂಟಿನ ಮೇಲೆ ಮಳೆಗಾಲಕ್ಕೆ ಮುಂಚೆ ಡಾಂಬರಿನ ಹಾಳೆ ಹಾಸುತ್ತಿದ್ದರು. ಡಬ್ಬದಲ್ಲಿ ಡಾಂಬರು ಕುದಿಸುವ ವಾಸನೆ ಅಡುಗೆಮನೆಯ ಕಿಟಕಿಯಿಂದ ಒಳಗೆ ಬಂತು. ಪೇಪರ್ ಓದುತ್ತ ಕೂತಿದ್ದ ಇವರು ತಲೆಯೆತ್ತಿ ನನ್ನ ಮುಖ ನೋಡಿ, "ಮತ್ತ ಶುರುವಾತೇನು?" ಅಂದರು. ಶುರುವಾಯಿತು, ಹೌದು. ಶರಣಪ್ಪ ಕಾಕಾನ ಮುಖ ಕಣ್ಣ ಮುಂದೆ ಬಂತು, ಅದರ ಹಿಂದೆ ಆ ಒಂದು ಮಳೆಗಾಲ ಇಡಿಯಾಗಿ ಬಂತು. ಕ್ಷಮಿಸಬೇಕು, ಮರೆಯಬೇಕು ಅಂತ ಪ್ರವಚನದವರು ಹೇಳುತ್ತಾರೆ. ಅವರ ಮನೆಯ ಮಾಳಿಗೆ ಎಂದೂ ಸೋರಿರಲಿಕ್ಕಿಲ್ಲ.

ಆಗ ನಾವು ಮಲ್ಕಾಜ್‌ಗಿರಿಯಲ್ಲಿದ್ದೆವು. ಇವರು ರೈಲ್ವೆಯಲ್ಲಿ ಗೂಡ್ಸ್ ಗಾರ್ಡ್. ರೈಲ್ವೆ ಕ್ವಾರ್ಟರ್ಸ್ ಸಿಕ್ಕಿತ್ತು, ಆದರೆ ಅತ್ತೆ ಊರು ಬಿಟ್ಟು ನಮ್ಮ ಜೊತೆಗೇ ಇರತೊಡಗಿದ ಮೇಲೆ ಅದು ಸಾಲದೆ ಹೋಯಿತು. ಅದೇ ಹೊತ್ತಿಗೆ ಯಾರದೋ ಮದುವೆಯ ಪಂಕ್ತಿಯಲ್ಲಿ ಶರಣಪ್ಪ ಕಾಕಾ ನಮ್ಮ ಪಕ್ಕಕ್ಕೆ ಕೂತರು. ಬೀದರ ಕಡೆಯವರು. ಸರಕಾರಿ ನೌಕರಿಯಲ್ಲಿ ದೊಡ್ಡ ಹುದ್ದೆಗೆ ಹೋಗಿ ನಿವೃತ್ತರಾದವರು. ಬೇಗಂಪೇಟೆಯಲ್ಲಿ ಇರುವುದಕ್ಕೊಂದು ಮನೆ, ಮಲ್ಕಾಜ್‌ಗಿರಿಯಲ್ಲಿ ಬಾಡಿಗೆಗೊಂದು ಮನೆ. ನಮ್ಮ ಮಾತು ಕಿವಿಗೆ ಬಿದ್ದದ್ದೇ, "ಯಾವೂರವ್ವ ನಿಮ್ದು?" ಅಂದರು. ಊರು ಹೇಳಿದೆ. ನನ್ನ ಸೋದರಮಾವನ ಗುರುತು ಅವರಿಗಿತ್ತು. ಎಲೆಗೆ ಮೊಸರನ್ನ ಬೀಳುವುದರೊಳಗೆ ಮನೆ ಗೊತ್ತಾಯಿತು. ಇವರು ಅಗ್ರಿಮೆಂಟಿನ ಮಾತೆತ್ತಿದರೆ ಕಾಕಾ ನಕ್ಕುಬಿಟ್ಟರು. "ನಮ್ಮ ನಮ್ಮವರಾಗ ಎಂಥಾ ಕಾಗದರಿ? ಬ್ಯಾರೇದವರ ಮನಿ ಹಿಡದ್ರ ಬರಸ್ಕೋರಿ. ನಾ ನಿಮಗ ಕಾಕಾ ಇದ್ದಂಗ."

ಹೈದರಾಬಾದಿನಲ್ಲಿ ಹಾಲಿನವನ ಹತ್ತಿರ ತೆಲುಗು, ತರಕಾರಿಯವನ ಹತ್ತಿರ ಹಿಂದಿ ಮಾತಾಡಿ ನಾಲಿಗೆ ದಣಿದವರಿಗೆ, 'ಐತಿ', 'ಬರ್ರಿ', 'ಕೂಡ್ರಿ' ಅನ್ನುವ ಮನೆಮಾಲೀಕ ಸಿಕ್ಕರೆ ಬುದ್ಧಿ ಎಲ್ಲಿ ಉಳಿಯುತ್ತದೆ? ಕರಗಿಹೋದೆವು. ಕಾಗದವಿಲ್ಲ, ರಶೀದಿಯಿಲ್ಲ. ತಿಂಗಳ ಮೊದಲ ಭಾನುವಾರ ಕಾಕಾ ತಾವೇ ಬರುತ್ತಿದ್ದರು. ಬಂದವರು ಉಣ್ಣದೆ ಹೋಗುತ್ತಿರಲಿಲ್ಲ. ನನ್ನ ಕೈಯ ಎಣಗಾಯಿ ಬದನೆಕಾಯಿ ಅಂದರೆ ಅವರಿಗೆ ಜೀವ. ಮೂರನೇ ರೊಟ್ಟಿ ಹಾಕಿಸಿಕೊಳ್ಳುತ್ತಿರುವ ಹಿರಿಯರ ಮುಂದೆ ನಿಂತು 'ಕಾಕಾ, ಬಚ್ಚಲಿನ ನಲ್ಲಿ ಮುರಿದಿದೆ' ಅನ್ನಲು ಬಾಯಿ ಬರುತ್ತಿರಲಿಲ್ಲ. ನಲ್ಲಿ ನಾವೇ ಹಾಕಿಸಿದೆವು. ಬಾಗಿಲ ಚಿಲಕ ನಾವೇ ಹಾಕಿಸಿದೆವು. ಎರಡನೆಯ ವರ್ಷ ಹಿಂದಿನ ಖೋಲಿಯ ಮಾಳಿಗೆ ಹನಿಕ್ಕಲು ಶುರುವಾದಾಗ ಮಾತ್ರ ಹೇಳಿದೆ. "ದೀಪಾವಳಿ ಆಗ್ಲಿ ತಂಗಿ" ಅಂದರು. ದೀಪಾವಳಿ ಆಯಿತು. "ಬ್ಯಾಸಗಿ ಬರ್ಲಿ, ಒಣಗಿದ ಮ್ಯಾಲೆ ಮಾಡೂದು ಚಲೋ" ಅಂದರು. ಆ ಮಾತು ಸರಿಯಾಗೇ ಇತ್ತು, ಹಾಗಾಗಿ ಬೇಸಗೆಯ ತನಕ ಕಾದೆ. ಮಾಳಿಗೆಯ ಮೇಲೆ ನಾವೇ ಹೋಗಿ ಏನಾದರೂ ಮಾಡೋಣವೆಂದರೆ ಮೆಟ್ಟಿಲ ತುದಿಯ ಬಾಗಿಲಿಗೆ ಕಾಕಾನ ಬೀಗ. ಅಲ್ಲಿ ಅವರ ಹಳೆಯ ಕಪಾಟು, ಮುರುಕು ಮಂಚಗಳಿದ್ದವು.

ಆ ಬೇಸಗೆಯಲ್ಲಿ ನನ್ನ ಮಗಳು ಸುಧಾ ಬಸುರಿ ಅಂತ ಗುಲ್ಬರ್ಗಾದಿಂದ ಸುದ್ದಿ ಬಂದು ಆಗಲೇ ನಾಲ್ಕೈದು ತಿಂಗಳಾಗಿತ್ತು. ಒಬ್ಬಳೇ ಮಗಳು, ಚೊಚ್ಚಲು ಬಸಿರು. ನಮ್ಮಲ್ಲಿ ಚೊಚ್ಚಲು ಬಾಣಂತನ ತವರಿನದು. ಅದು ಕೊಟ್ಟ ಮಾತಲ್ಲ, ಬರೆದ ಕಾನೂನಲ್ಲ, ಆದರೆ ಅದನ್ನು ಮಾಡದ ತಾಯಿಯನ್ನು ಜನ ಹೇಗೆ ನೋಡುತ್ತಾರೆ ಅಂತ ನನಗೆ ಗೊತ್ತು. ಜನ ಹಾಳಾಗಲಿ, ನನಗೇ ಬೇಕಾಗಿತ್ತು. ನನ್ನ ಕೈಯಾರೆ ಅವಳಿಗೆ ಎಣ್ಣೆ ಒತ್ತಿ ನೀರು ಹಾಕಬೇಕು, ಕೂಸಿಗೆ ಕಾಲ ಮೇಲೆ ಮಲಗಿಸಿಕೊಂಡು ಎರೆಯಬೇಕು, ಖೋಲಿಯಲ್ಲಿ ಕೆಂಡದ ಮೇಲೆ ಲೋಬಾನ ಹಾಕಬೇಕು. ಅವಳು ಹುಟ್ಟಿದಾಗ ನನ್ನ ಅವ್ವ ಇರಲಿಲ್ಲ. ನನ್ನ ಬಾಣಂತನ ಯಾರ ಯಾರದೋ ಕೈಯಲ್ಲಿ ಆಯಿತು. ಅದಕ್ಕೇ ಸುಧಾಳ ಮದುವೆಯ ದಿನದಿಂದ ಈ ನಲವತ್ತು ದಿನಗಳ ಆಸೆ ಕಟ್ಟಿಕೊಂಡು ಕೂತಿದ್ದೆ.

ಬಾಣಂತಿಗೆ ಬೇಕಾದ ಖೋಲಿ ಅಂದರೆ ಆ ಹಿಂದಿನದೇ. ಅದಕ್ಕೇ ಹತ್ತಿಕೊಂಡು ಬಚ್ಚಲು, ಗಾಳಿ ಹೊಗದಂತೆ ಒಂದೇ ಕಿಟಕಿ. ಮುಂದಿನ ಹಾಲಿನಲ್ಲಿ ಅತ್ತೆ ಮಲಗುತ್ತಿದ್ದರು, ಬಂದು ಹೋಗುವವರ ಓಡಾಟವೆಲ್ಲ ಅಲ್ಲೇ. ಹೆರಿಗೆ ಗಣೇಶ ಚೌತಿಯ ಆಚೆಗೆ ಅಂತ ಡಾಕ್ಟರು ಹೇಳಿದ್ದರು. ಆರು ತುಂಬಿ ಏಳರಲ್ಲಿ ಬಿದ್ದದ್ದೇ ಸೀಮಂತದ ಕುಬಸ ಮಾಡಿ ಕಳಿಸಿಕೊಟ್ಟರು. ಮಿರಗದ ಮಳೆಗೆ, ಅಂದರೆ ಜೂನಿನ ಮೊದಲ ಮಳೆಗೆ, ಇನ್ನೂ ನಾಲ್ಕು ದಿನವಿತ್ತು. ಕಾಕಾನಿಗೆ ಫೋನ್ ಮಾಡಿ, "ಮಗಳು ಬಂದಾಳರಿ, ಮಳಿ ಹಿಡಿಯೂದ್ರಾಗ ಮಾಳಗಿ ಮಾಡಿಸಿಬಿಡ್ರಿ" ಅಂದೆ.

ಬಂದರು. ಖೋಲಿಯೊಳಗೆ ನಿಂತು ಮೇಲೆ ನೋಡಿದರು. ಗಿಲಾವು ಹೊಟ್ಟೆಯುಬ್ಬಿ ನಿಂತಿತ್ತು, ಒಂದು ಕಡೆ ಕಬ್ಬಿಣದ ಸರಳು ತುಕ್ಕು ಹಿಡಿದು ಕಾಣುತ್ತಿತ್ತು. ಆಮೇಲೆ ಬಾಗಿಲಲ್ಲಿ ನಿಂತಿದ್ದ ಸುಧಾಳನ್ನು ನೋಡಿದರು. ನಾಲಿಗೆ ಲೊಚಗುಟ್ಟಿದರು.

"ಏ ತಂಗಿ, ತಪ್ಪಾಕ್ಕೈತಿ. ಬಸರಿ ಹೆಣಮಗಳು ಇರೂ ಮನ್ಯಾಗ ಸುತ್ತಿಗಿ ಎತ್ತಬಾರದು. ಇದನ್ನ ಪೂರಾ ಕೆತ್ತಿ ತಗೀಬೇಕಾಗತೈತಿ. ಒಡಿಯೂ ಕೆಲಸ. ಕೂಸಿಗೆ ಹೆಚ್ಚುಕಡಿಮಿ ಆದ್ರ ಯಾರು ಜವಾಬ್ದಾರಿ? ಹೆರಿಗಿ ಆಗ್ಲಿ. ನಾನ ನಿಂತು ಮಾಡಸ್ತೀನಿ."

ಅತ್ತೆ ಹಾಲಿನಿಂದಲೇ "ಖರೇ ಐತಿ, ಖರೇ ಐತಿ" ಅಂದರು. ನಾನೇನು ಅಂದೆ? ನಾನೂ ತಲೆಯಾಡಿಸಿದೆ. ಇದನ್ನು ಬರೆಯುವಾಗ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ. ಆದರೆ ಅದು ನಾನು ಹುಟ್ಟಿದಾಗಿನಿಂದ ಕೇಳಿದ ಮಾತು. ಬಸುರಿ ಇದ್ದ ಮನೆಯಲ್ಲಿ ಗೋಡೆ ಒಡೆಯಬಾರದು, ಹೊಸ ಬಾಗಿಲು ಇಡಬಾರದು, ಗ್ರಹಣದಲ್ಲಿ ಕತ್ತರಿ ಹಿಡಿಯಬಾರದು. ನಮ್ಮ ಓಣಿಯಲ್ಲಿ ಒಂದು ಕೂಸಿನ ತುಟಿ ಸೀಳಿತ್ತು, ಅವರಪ್ಪ ಗೋಡೆಗೆ ಗೂಟ ಹೊಡೆದಿದ್ದಕ್ಕೇ ಅಂತ ಎಲ್ಲರೂ ಹೇಳುತ್ತಿದ್ದರು. ನನಗೆ ಮರೆತೇಹೋಗಿತ್ತಲ್ಲ, ಹಿರಿಯರು ನೆನಪು ಮಾಡಿಕೊಟ್ಟರಲ್ಲ ಅಂತ ಕಾಕಾನ ಮೇಲೆ ಪ್ರೀತಿ ಉಕ್ಕಿ ಬಂತು. ಅವತ್ತು ಹೋಳಿಗೆ ಮಾಡಿ ಬಡಿಸಿದೆ. ತುಪ್ಪ ಕೇಳಿ ಹಾಕಿಸಿಕೊಂಡು ತಿಂದು ಹೋದರು.

ಮಿರಗ ಹೊಡೆಯಿತು. ಆ ವರ್ಷದ ಮಳೆ ಹೈದರಾಬಾದಿನ ಮಳೆಯ ಹಾಗೆ ಬಂದು ಹೋಗುವ ಮಳೆಯಾಗಿರಲಿಲ್ಲ, ಜಡಿ ಹಿಡಿದು ಕೂತಿತು. ಮೊದಲು ಮಾಳಿಗೆಯ ಮೂಲೆಯಲ್ಲಿ ಒಂದು ಕಂದು ಕಲೆ. ಎಂಟು ದಿನಕ್ಕೆ ಅದು ಪಂಖದ ಕೊಕ್ಕೆಯ ತನಕ ಬಂತು. ಆಮೇಲೆ ಹನಿ. ಒಂದು ಬಕೆಟ್, ಒಂದು ಪರಾತ, ಹಿಟ್ಟು ನಾದುವ ಬೋಗುಣಿ. ಗೋಡೆ ಮುಟ್ಟಿದರೆ ಕೈ ಒದ್ದೆ. ಸ್ವಿಚ್ ಹಾಕಲು ಹೋದರೆ ಜುಮ್ಮೆಂದು ಹೊಡೆಯುತ್ತಿತ್ತು, ಅದಕ್ಕೆ ಒಂದು ಕಟ್ಟಿಗೆ ಸೌಟು ಇಟ್ಟುಕೊಂಡು ಅದರ ಹಿಡಿಯಿಂದ ಒತ್ತುತ್ತಿದ್ದೆವು. ಬಾಣಂತಿಗೆ ಅಂತ ತೊಳೆದು ಒಣಗಿಸಿ ಗಂಟು ಕಟ್ಟಿಟ್ಟಿದ್ದ ಹಳೆಯ ಸೀರೆಗಳಿಗೆ ಬೂಷ್ಟು ಹಿಡಿಯಿತು. ಸುಧಾ ಕೆಮ್ಮತೊಡಗಿದಳು. ಹಾಲಿನಲ್ಲಿ ಮಲಗು ಅಂದರೆ, ಅಪ್ಪ ಡ್ಯೂಟಿ ಮುಗಿಸಿ ಬಂದು ಎಲ್ಲಿ ಮಲಗಬೇಕು, ನಾ ಇಲ್ಲೇ ಇರ್ತೀನಿ ಅನ್ನುತ್ತಿದ್ದಳು.

ಆಷಾಢದ ಒಂದು ಮಧ್ಯಾಹ್ನ ಹಸಿ ಶೇಂಗಾ ಕುದಿಸಿದ್ದೆ. ವಾಸನೆಗೆ ಸುಧಾ ಮಂಚದಿಂದ ಎದ್ದು ಅಡುಗೆಮನೆಗೆ ಬಂದಳು. ನಾಲ್ಕು ಕಾಳು ಬಾಯಿಗೆ ಹಾಕಿರಬೇಕು, ಹಿಂದೆ ದೊಪ್ಪೆಂದು ಸದ್ದಾಯಿತು. ಓಡಿ ಹೋಗಿ ನೋಡಿದರೆ ಮೊರದಗಲದ ಗಿಲಾವು ದಿಂಬಿನ ಮೇಲೆ ಬಿದ್ದಿತ್ತು. ಅವಳ ತಲೆ ಇಡುವ ದಿಂಬಿನ ಮೇಲೆ. ಸುಧಾ ಹೊಟ್ಟೆ ಹಿಡಿದುಕೊಂಡು ಬಾಗಿಲಲ್ಲೇ ಕುಸಿದು ಕೂತಳು. ನಾನು ಮಂಚದ ಮೇಲಿನ ಸುಣ್ಣ, ಮರಳು ಬಾಚಿ ತೆಗೆದೆ.

ಕಾಕಾನಿಗೆ ಫೋನ್ ಮಾಡಿದೆ. ಪೂರ್ತಿ ಕೇಳಿಸಿಕೊಂಡು, "ಅಯ್ಯೋ ಶಿವನ! ಹುಡುಗಿಗೆ ಏನೂ ಆಗಿಲ್ಲಲ್ಲ? ದೇವರು ದೊಡ್ಡಾಂವ" ಅಂದರು. ಆಮೇಲೆ, "ಮಂಚ ಈ ಕಡಿ ಸರಸ್ರಿ ತಂಗಿ. ಹೆರಿಗಿ ಆಗೂತನಕ ಸುತ್ತಿಗಿ ಮಾತ್ರ ಬ್ಯಾಡ" ಅಂದರು.

ಮಂಚ ಸರಿಸಬೇಕಂತೆ. ನಾನು ಸರಿಸಿದೆ! ಅಷ್ಟಾದ ಮೇಲೂ ನನಗೆ ಬುದ್ಧಿ ಬರಲಿಲ್ಲ. ಒಡೆದರೆ ಕೂಸಿಗೆ ಕೇಡು, ಒಡೆಯದಿದ್ದರೆ ತಾಯಿಯ ತಲೆಗೆ ಕೇಡು. ಇದರ ನಡುವೆ ನಾನು ದೇವರಿಗೆ ದೀಪ ಹಚ್ಚಿಕೊಂಡು ಕೂತೆ.

ಎಂಟು ದಿನಕ್ಕೆ ಬೀಗತಿ, ಅಂದರೆ ಸುಧಾಳ ಅತ್ತೆ, ಸೊಸೆಯನ್ನು ನೋಡಿಕೊಂಡು ಹೋಗಲು ಗುಲ್ಬರ್ಗಾದಿಂದ ಬಂದರು. ಖೋಲಿಯಲ್ಲಿ ಕಾಲಿಟ್ಟದ್ದೇ ಅವರ ಹೆಗಲ ಮೇಲೆ ಟಪ್ಪೆಂದು ಒಂದು ಹನಿ. ಸೆರಗಿನಿಂದ ಒರೆಸಿಕೊಂಡು, ಮೇಲೆ ನೋಡಿ, ಪರಾತ ನೋಡಿ, ನನ್ನ ಕಡೆ ತಿರುಗಿ, "ಛತ್ರಿ ಹಿಡಕೊಂಡು ಬಾಣಂತನ ಮಾಡೂ ವಿಚಾರೇನ್ರಿ ಬೀಗ್ತಿ?" ಅಂದರು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಹೋಗುವಾಗ ಅವರು ನನ್ನ ಕೈಹಿಡಿದು ಮೆತ್ತಗೆ ಹೇಳಿದರು, "ಎಂಟರಾಗ ಹುಡುಗೀನ ಪ್ರಯಾಣ ಮಾಡಸಂಗಿಲ್ಲ. ಒಂಬತ್ತು ಹತ್ತಿದ ದಿನ ಕಾರು ತೊಗೊಂಡು ಬರ್ತೀವಿ. ಅಷ್ಟರಾಗ ಈ ಖೋಲಿ ಒಣಗಿತ್ತು, ಇಲ್ಲೇ ಇರ್ಲಿ. ಇಲ್ಲಂದ್ರ ನಮ್ಮ ಮನ್ಯಾಗ ಆಗ್ಲಿ. ಬ್ಯಾಸರ ಮಾಡ್ಕೋಬ್ಯಾಡ್ರಿ." ಬೇಸರ ಮಾಡಿಕೊಳ್ಳಬೇಡಿ ಅಂದರೆ ಬೇಸರ ಕೇಳುತ್ತದೆಯೇ? ಲೆಕ್ಕ ಹಾಕಿದರೆ ನನಗೆ ಉಳಿದದ್ದು ಮೂರು ವಾರ.

ನಾಗರ ಪಂಚಮಿ ಬಂತು. ಉಂಡಿ ಕಟ್ಟಿದೆ. ಶೇಂಗಾ, ಎಳ್ಳು, ಪುಟಾಣಿ, ಮೂರು ತರ. ಫೋನಿನಲ್ಲಿ ಆಗದ್ದು ಮುಖ ನೋಡಿ ಕೇಳಿದರೆ ಆದೀತು, ಕನಿಷ್ಠ ಮೇಲೊಂದು ತಾಡಪತ್ರಿ ಹಾಸಲು ಮಾಳಿಗೆಯ ಕೀಲಿಕೈಯಾದರೂ ಕೊಟ್ಟಾರು ಅಂತ ಡಬ್ಬಿ ಹಿಡಿದು ಬೇಗಂಪೇಟೆಗೆ ಹೋದೆ. ಕಾಕಾನ ಮನೆಗೆ ಮೊದಲೊಮ್ಮೆ ಹೋಗಿದ್ದೆ, ಆಗ ಒಂದೇ ಅಂತಸ್ತು. ಈಗ ಓಣಿಯ ತಿರುವಿನಲ್ಲೇ ಮರಳಿನ ರಾಶಿ, ಜಲ್ಲಿಯ ರಾಶಿ. ಮನೆಯ ಮುಂದೆ ಬಿದಿರಿನ ಸಾರವೆ. ಮೇಲಿಂದ ಧಡ್, ಧಡ್ ಅಂತ ಸುತ್ತಿಗೆಯ ಪೆಟ್ಟು.

ಬಾಗಿಲು ತೆರೆದದ್ದು ಕಾಕಾನ ಸೊಸೆ. ಇಪ್ಪತ್ತನಾಲ್ಕೋ ಇಪ್ಪತ್ತೈದೋ. ಅವಳ ಹೊಟ್ಟೆ ನೋಡಿ ನನ್ನ ಕೈಯಲ್ಲಿನ ಡಬ್ಬಿ ಭಾರವಾಯಿತು.

"ಎಷ್ಟರಾಗ ಅದೀಯವ್ವ?" ಅಂದೆ.

"ಏಳು ತುಂಬ್ತು ಆಂಟಿ" ಅಂದಳು. ನೀರು ತಂದುಕೊಟ್ಟು, ಹಣೆ ಒತ್ತಿಕೊಂಡು, "ದಿನಾ ಇದ ಸಪ್ಪಳ ನೋಡ್ರಿ. ಹಳೇ ಪ್ಯಾರಾಪೆಟ್ ಗೋಡಿ ಒಡ್ಯಾಕತ್ತಾರ. ಮ್ಯಾಲೆ ನಾಕು ರೂಮು ಮಾಡಸ್ತಾರಂತ. ದಸರಾದಾಗ ಮುಗೀಬೇಕಂತ ಮಾವಾರು ಅವಸರ ಮಾಡಾಕತ್ತಾರ. ಹೈಟೆಕ್ ಸಿಟಿಗೆ ಹೋಗೂ ಹುಡುಗೂರು ಬಾಡಿಗಿಗೆ ಬರ್ತಾರಂತ, ಸ್ಟೇಷನ್ ಸಮೀಪ ಅಂತ" ಅಂದಳು.

ಆ ಹೊತ್ತಿಗೆ ಮೇಲಿನಿಂದ ಕಾಕಾ ಇಳಿದು ಬಂದರು, ಧೋತರದ ಮೇಲೆ ಇಟ್ಟಿಗೆಯ ಧೂಳು. ನನ್ನನ್ನು ಕಂಡು ಅವರ ಮುಖ ಒಂದು ಗಳಿಗೆ ಬಿಳುಚಿತು, ಆಮೇಲೆ ನಗು ತಂದುಕೊಂಡರು. "ಬಾ ತಂಗಿ, ಪಂಚಮಿ ಉಂಡಿ ತಂದಿಯೇನು?"

"ಉಂಡಿ ಆಮ್ಯಾಲೆರಿ. ಬಸರಿ ಇರೂ ಮನ್ಯಾಗ ಸುತ್ತಿಗಿ ಎತ್ತಬಾರದಂದ್ರಲ್ಲ, ಇದು ಏನ್ರಿ ಕಾಕಾ?"

"ಅದು ಮ್ಯಾಲಿನ ಅಂತಸ್ತು. ಅದು ಕಟ್ಟೂ ಕೆಲಸ. ಕಟ್ಟೂದು ಬ್ಯಾರೆ, ಒಡಿಯೂದು ಬ್ಯಾರೆ."

"ಅಳಿಯ ಅಲ್ಲ, ಮಗಳ ಗಂಡ ಅಂದಂಗಾತು. ಅಲ್ಲಿ ಗ್ವಾಡಿ ಒಡ್ಯಾಕತ್ತಾರ, ನನ್ನ ಕಿವಿ ಏನು ಕೆಪ್ಪಾಗಿಲ್ಲ. ನಿಮ್ಮ ಸೊಸಿ ಹೊಟ್ಟ್ಯಾಗ ಇರೂದು ಕೂಸು, ನನ್ನ ಮಗಳ ಹೊಟ್ಟ್ಯಾಗ ಇರೂದು ಏನ್ರಿ?"

ಸೊಸೆ ಗಾಬರಿಯಾಗಿ ಒಮ್ಮೆ ಮಾವನನ್ನು, ಒಮ್ಮೆ ನನ್ನನ್ನು ನೋಡಿದಳು. ಕಾಕಾನ ನಗು ಹೋಯಿತು. ಆಗ ಹೊರಗೆ ಬಂತು ಒಳಗಿನ ಹೂರಣ. "ನೋಡವ್ವ, ಆ ಮನಿ ಹಳೇದಾತು. ಅದಕ್ಕ ಇನ್ನ ಖರ್ಚು ಮಾಡೂದ್ರಾಗ ಅರ್ಥಿಲ್ಲ. ಬಿಲ್ಡರ್ ಬಂದು ನೋಡಿ ಹೋಗ್ಯಾನ, ಅಪಾರ್ಟ್‌ಮೆಂಟ್ ಎಬ್ಬಸ್ತಾನಂತ. ನಿಮಗ ಅಡಚಣಿ ಆಗಾಕತ್ತಿದ್ರ ಬಿಟ್ಟುಬಿಡ್ರಿ. ನಾ ಏನು ಹಿಡಕೊಂಡು ಕೂತಿಲ್ಲ."

ಅಲ್ಲಿಗೆ ತಿಳಿಯಿತು. ಸೋರಿ ಸೋರಿ ನಾವಾಗಿಯೇ ಗಂಟುಮೂಟೆ ಕಟ್ಟಲಿ ಅಂತ ಕಾದು ಕೂತಿದ್ದ ಮನುಷ್ಯ. ಬಾಯಿಬಿಟ್ಟು ಖಾಲಿ ಮಾಡಿ ಅಂದಿದ್ದರೆ ಜಗಳವಾಡುತ್ತಿದ್ದೆವೋ, ಬೇರೆ ಮನೆ ಹುಡುಕುತ್ತಿದ್ದೆವೋ, ಮಗಳು ಬರುವ ಮೊದಲೇ ಏನೋ ಒಂದು ಆಗುತ್ತಿತ್ತು. ಅದನ್ನು ಬಿಟ್ಟು, ನನ್ನ ನಂಬಿಕೆಯನ್ನೇ ತೆಗೆದುಕೊಂಡು ನನ್ನ ಬಾಯಿಗೆ ಬೀಗ ಹಾಕಿದ್ದರು. ಹೇಳೋದು ಆಚಾರ, ತಿನ್ನೋದು ಬದನೆಕಾಯಿ. ಅದೂ ನಾನು ಮಾಡಿದ ಬದನೆಕಾಯಿ! ಕೀಲಿಕೈ ಕೇಳಿದೆ. ಕೊಡುವುದಿಲ್ಲ ಅಂದರು. ಉಂಡಿಯ ಡಬ್ಬಿಯನ್ನು ಸೊಸೆಯ ಕೈಗಿಟ್ಟು, "ನೀ ತಿನ್ನವ್ವ, ನಿನಗ ತಂದೇನಿ. ಸುಸೂತ್ರ ಆಗ್ಲಿ" ಅಂದು ಹೊರಗೆ ಬಂದೆ. ಓಣಿಯ ತಿರುವಿನ ತನಕ ಆ ಸುತ್ತಿಗೆ ನನ್ನ ಬೆನ್ನ ಮೇಲೇ ಬೀಳುತ್ತಿತ್ತು.

ಮನೆಗೆ ಬಂದು ಹೇಳಿದರೆ ಇವರು ತಲೆ ಕೆರೆದುಕೊಂಡರು. ಕೋರ್ಟು ಅಂದದ್ದಕ್ಕೆ, "ನಮ್ಮವರ ಮ್ಯಾಲೆ ಕಚೇರಿ ಹತ್ತೂದಾ? ನಾಕು ಮಂದಿ ಏನಂತಾರ?" ಅಂದರು. ಹಾಲಿನಲ್ಲಿ ಕಾಲು ಚಾಚಿಕೊಂಡು ಬತ್ತಿ ಹೊಸೆಯುತ್ತಿದ್ದ ಅತ್ತೆ ಬತ್ತಿ ಕೆಳಗಿಟ್ಟರು. ಎಂಬತ್ತರ ಹತ್ತಿರದ ಮುದುಕಿ, ಶಾಸ್ತ್ರ ಅಂದರೆ ಗೆರೆ ದಾಟದವರು. "ಹತ್ತು" ಅಂದರು ಮಗನಿಗೆ. "ಅವ್ನ ಸೊಸಿಗೆ ಒಂದು ಶಾಸ್ತ್ರ, ನನ್ನ ಮೊಮ್ಮಗಳಿಗೆ ಒಂದು ಶಾಸ್ತ್ರ ಏನು? ನನ್ನ ಬಾಯಿಲೇ ಖರೇ ಐತಿ ಖರೇ ಐತಿ ಅನಿಸಿದ್ನಲ್ಲೋ, ಭಾಡ್ಯಾ!" ಅತ್ತೆಯ ಬಾಯಲ್ಲಿ ಬೈಗಳು ಕೇಳಿದ್ದು ಅದೇ ಮೊದಲು.

ಇವರ ಜೊತೆಗೆ ಕೆಲಸ ಮಾಡುವವರೊಬ್ಬರ ತಂಗಿ ವಕೀಲರು, ತೆಲುಗಿನವರು. ಅವರ ಮುಂದೆ ಕೂತು ನಾನು ಮೊದಲು ಹೇಳಿದ ಮಾತು, "ನಮ್ಮ ಹತ್ತಿರ ಒಂದು ಕಾಗದವೂ ಇಲ್ಲಮ್ಮ." ಆಕೆ, "ಭಯಪಡಕಂಡಿ" ಅಂದರು. ಹೆದರಬೇಡಿ ಅಂತ. ಕಾಗದವಿಲ್ಲದಿದ್ದರೂ ಬಾಡಿಗೆ ಕೊಟ್ಟು ಇರುವವರು ಬಾಡಿಗೆದಾರರೇ. ಗ್ಯಾಸಿನ ಪುಸ್ತಕ, ರೇಷನ್ ಕಾರ್ಡು, ಆ ವಿಳಾಸಕ್ಕೆ ಬಂದ ಪತ್ರ, ಅಕ್ಕಪಕ್ಕದವರ ಮಾತು, ಎಲ್ಲವೂ ಸಾಕ್ಷಿ. ಮನೆಯನ್ನು ವಾಸಕ್ಕೆ ಯೋಗ್ಯವಾಗಿ ಇಡುವುದು ಮಾಲೀಕನ ಹೊಣೆ. ಬರಹದಲ್ಲಿ ನೋಟಿಸ್ ಕೊಟ್ಟು, ಸಮಯ ಕೊಟ್ಟು, ಆಮೇಲೂ ಮಾಡಿಸದಿದ್ದರೆ ರೆಂಟ್ ಕಂಟ್ರೋಲರ್ ಕೋರ್ಟಿಗೆ ಅರ್ಜಿ ಹಾಕಬಹುದು. ಅವರು ಅಪ್ಪಣೆ ಕೊಟ್ಟರೆ ನಾವೇ ರಿಪೇರಿ ಮಾಡಿಸಿ ಬಾಡಿಗೆಯಲ್ಲಿ ಹಿಡಿದುಕೊಳ್ಳಬಹುದು. ಆದರೆ ಅಪ್ಪಣೆಯಿಲ್ಲದೆ ಬಾಡಿಗೆ ನಿಲ್ಲಿಸಬೇಡಿ, ಬೀಗ ಒಡೆಯಬೇಡಿ, ಹಾಗೆ ಮಾಡಿದರೆ ತಪ್ಪು ನಿಮ್ಮ ಕಡೆ ತಿರುಗುತ್ತದೆ ಅಂದರು. ನಿಮ್ಮನ್ನು ಸುಮ್ಮಸುಮ್ಮನೆ ಹೊರಗೆ ಹಾಕಲು ಮಾಲೀಕರಿಗೂ ಆಗುವುದಿಲ್ಲ ಅಂದರು. ನಾನು ಬಿಟ್ಟ ಬಾಯಿ ಮುಚ್ಚದೆ ಕೇಳಿದೆ. ಎರಡು ವರ್ಷದಿಂದ ಈ ಹಕ್ಕುಗಳೆಲ್ಲ ನನ್ನವೇ ಆಗಿದ್ದವು, ನಾನು ಮಾತ್ರ ರೊಟ್ಟಿ ಬಡಿಯುತ್ತ ಕೂತಿದ್ದೆ.

"ಎಷ್ಟು ದಿನ ಆಗುತ್ತಮ್ಮ?" ಅಂದೆ. ಆಕೆ ಸುಳ್ಳು ಹೇಳಲಿಲ್ಲ. "ಜೂನಿನಲ್ಲೇ ನೋಟಿಸ್ ಕೊಟ್ಟಿದ್ದರೆ ಚೆನ್ನಾಗಿತ್ತು" ಅಂದರು.

ನೋಟಿಸ್ ರಿಜಿಸ್ಟರ್ ಪೋಸ್ಟಿನಲ್ಲಿ ಹೋಯಿತು. ಕಾಕಾ ತೆಗೆದುಕೊಳ್ಳದೆ ತಿರುಗಿಸಿದರು. ವಕೀಲರು ಮತ್ತೊಂದು ಕಳಿಸಿದರು. ನಮ್ಮ ಜನರಲ್ಲಿ ಸುದ್ದಿ ಹಬ್ಬಿತು. ಒಬ್ಬ ಹಿರಿಯರು ಫೋನ್ ಮಾಡಿ, "ಏನವ್ವ, ಉಂಡ ಮನಿ ಜಂತಿ ಎಣಸೂದಾ?" ಅಂದರು. "ಜಂತಿ ಎಣಸಾಕ ಕಷ್ಟ ಇಲ್ಲರಿ, ಗಿಲಾವು ಬಿದ್ದು ಎಲ್ಲಾ ಕಾಣಾಕತ್ತಾವು. ಬರ್ರಿ, ನೀವೂ ಎಣಸ್ರಿ" ಅಂದೆ. ಆಮೇಲೆ ಯಾರೂ ಫೋನ್ ಮಾಡಲಿಲ್ಲ.

ದಿನಗಳು ನನ್ನ ಕೈಬೆರಳಿನ ಮೇಲೆ ಸರಿಯುತ್ತಿದ್ದವು. ಒಂದು ಬೆಳಿಗ್ಗೆ ಮಳೆ ಹೊಳವಾಗಿತ್ತು. ಮೇಸ್ತ್ರಿಯೊಬ್ಬನನ್ನು ಕರೆದುಕೊಂಡು ಮೆಟ್ಟಿಲು ಹತ್ತಿದೆ. ಎರಡು ದಿನ ಸಾಕು ಅಮ್ಮ, ಮೇಲೆ ಬಿರುಕಿಗೆ ಡಾಂಬರು ಹೊಯ್ದರೆ ನೀರು ನಿಲ್ಲುತ್ತದೆ ಅಂದ. ಬೀಗ ನೋಡಿ, "ಒಡೆಯಲೇ?" ಅಂದ. ಅವನ ಸುತ್ತಿಗೆ ನನ್ನ ಕೈಯಲ್ಲಿತ್ತು. ಸುತ್ತಿಗೆಯ ಭಯ ಹೋಗಿತ್ತು, ಈಗ ವಕೀಲರ ಮಾತಿನ ಭಯ. ಎಷ್ಟೋ ಹೊತ್ತು ನಿಂತು ಇಳಿದು ಬಂದೆ. ಅವತ್ತು ಒಡೆಯಬೇಕಿತ್ತು ಅಂತ ಇವತ್ತಿಗೂ ಅನ್ನಿಸುತ್ತದೆ. ಕಾನೂನು ಪಾಲಿಸಿದ್ದಕ್ಕೆ ಹೊಟ್ಟೆ ಉರಿದುಕೊಂಡವಳು ಮಲ್ಕಾಜ್‌ಗಿರಿಯಲ್ಲಿ ನಾನೊಬ್ಬಳೇ ಇರಬೇಕು.

ಒಂಬತ್ತು ಹತ್ತಿದ ದಿನ ಕಾರು ಬಂತು. ಅಳಿಯ ಸಂಕೋಚದಿಂದ ಒಳಗೂ ಬರಲಿಲ್ಲ. ನಾನು ಬೇಸಗೆಯಿಂದ ಮಾಡಿಟ್ಟಿದ್ದ ಅಂಟಿನ ಉಂಡಿ, ಕೊಬ್ಬರಿ ಖಾ‌ರ, ಬಜೆ, ಲೋಬಾನ, ಕೂಸಿನ ಕುಲಾಯಿ, ಎಲ್ಲವನ್ನೂ ಒಂದು ಟ್ರಂಕಿನಲ್ಲಿ ತುಂಬಿ ಕಾರಿನ ಡಿಕ್ಕಿಯಲ್ಲಿ ಇಡಿಸಿದೆ. ಸುಧಾ ನನ್ನ ಹೆಗಲ ಮೇಲೆ ತಲೆಯಿಟ್ಟು, "ಅವ್ವಾ, ನೀನೂ ಬಾ" ಅಂದಳು. "ಬರ್ತೀನವ್ವ, ಕೂಸು ಹುಟ್ಟಿದ ದಿನ ಬರ್ತೀನಿ" ಅಂದೆ. ತವರಿಗೆ ಬಂದ ಬಸುರಿ ಮಗಳನ್ನು ಬಾಣಂತನ ಮಾಡದೆ ಹಿಂದಕ್ಕೆ ಕಳಿಸಿದ ತಾಯಿ ನಾನು. ಕಾರು ತಿರುವು ದಾಟುವ ತನಕ ಅಳಲಿಲ್ಲ. ಒಳಗೆ ಬಂದು ಆ ಪರಾತ, ಬಕೆಟ್, ಬೋಗುಣಿಗಳನ್ನು ಅಂಗಳಕ್ಕೆ ಎತ್ತಿ ಎಸೆದೆ.

ಹೆಣ್ಣು ಕೂಸು ಹುಟ್ಟಿತು. ಗುಲ್ಬರ್ಗಾಕ್ಕೆ ಹೋದೆ. ಬೀಗತಿ ಕೆಟ್ಟವರಲ್ಲ. ಮಗಳನ್ನು ಬೆಚ್ಚಗಿಟ್ಟಿದ್ದರು, ಎರೆಯಲು ಪಳಗಿದ ಹೆಂಗಸನ್ನು ಗೊತ್ತು ಮಾಡಿದ್ದರು. ನಾನು ಸೆರಗು ಸಿಕ್ಕಿಸಿಕೊಂಡು ಬಚ್ಚಲ ಕಡೆ ಹೋದರೆ, "ನೀವು ಕೂಡ್ರಿ ಬೀಗ್ತಿ, ಬಂದವರ ಕೈಲೆ ಕೆಲಸ ಮಾಡಸ್ತಾರೇನು?" ಅಂದರು. ಕೂತೆ. ಬಚ್ಚಲಿನಿಂದ ಕೂಸು ಅಳುವುದು, ಆ ಹೆಂಗಸು ಅದಕ್ಕೆ ಮುದ್ದು ಮಾತಾಡುವುದು ಕೇಳಿಸುತ್ತಿತ್ತು. ಐದು ದಿನ ಅತಿಥಿಯ ಹಾಗೆ ತಾಟಿನ ಮುಂದೆ ಕೂತು ಉಂಡು ಬಂದೆ.

ನೋಟಿಸಿಗೆ ಕಾಕಾ ಜಗ್ಗದೆ ಹೋದಾಗ ಕೋರ್ಟಿಗೆ ಅರ್ಜಿ ಹಾಕಿದ್ದೆವು, ಅಲ್ಲೇ ಚಳಿಗಾಲ ಬಂತು. ಮೂರನೆಯ ವಾಯಿದೆಗೆ ಕಾಕಾನ ವಕೀಲರು ಸೋತು, ರಿಪೇರಿ ಮಾಡಿಸುತ್ತೇವೆಂದು ಬರೆದುಕೊಟ್ಟರು. ಗಿಲಾವು ಪೂರ್ತಿ ಕೆತ್ತಿ, ಸರಳು ಉಜ್ಜಿ, ಮೇಲೆ ಡಾಂಬರು ಕುದಿಸಿ ಹಾಳೆ ಹಾಸಿದರು. ನಾಲ್ಕೇ ದಿನ. ನಾಲ್ಕು ದಿನದ ಕೆಲಸ! ಮನೆ ತುಂಬ ಆ ವಾಸನೆ. ಕಾಕಾ ಬಂದು ಅಂಗಳದಲ್ಲಿ ನಿಂತು, "ಈಗ ಸಮಾಧಾನ ಆತಿಲ್ಲೋ ತಂಗಿ?" ಅಂದರು.

"ರಶೀದಿ ತಂದೀರೇನ್ರಿ ಈ ತಿಂಗಳದ್ದು?" ಅಂದೆ. ತಂದಿರಲಿಲ್ಲ. ತಂದು ಕೊಟ್ಟು ಹೋಗಿ ಅಂದೆ. ಒಳಗೆ ಬನ್ನಿ ಅನ್ನಲಿಲ್ಲ.

ಬಿಲ್ಡರ್ ಬೇರೆ ಕಡೆ ಹೋದ. ನಾವು ಆ ಮನೆಯಲ್ಲೇ ಇದ್ದೆವು, ತಿಂಗಳು ತಿಂಗಳು ರಶೀದಿ ಪಡೆದು ಇದ್ದೆವು. ಮೂರು ವರ್ಷಕ್ಕೆ ಸುಧಾ ಮತ್ತೆ ಬಸುರಿಯಾದಳು. ಮಳೆಗಾಲವೇ. ಚೊಚ್ಚಲಲ್ಲ, ತವರಿನ ಹಕ್ಕೇನಿಲ್ಲ, ಆದರೂ ನಾನು ಖೋಲಿಗೆ ಸುಣ್ಣ ಹೊಡೆಸಿದೆ, ಹೊಸ ಬಲ್ಬು ಹಾಕಿಸಿದೆ, ಕೊಬ್ಬರಿ, ಅಂಟು ತಂದಿಟ್ಟೆ. ಆಮೇಲೆ ಫೋನ್ ಮಾಡಿದೆ, ಯಾವತ್ತು ಕಾರು ಕಳಿಸಲಿ ಅಂತ.

"ಅವ್ವಾ, ಸಿಟ್ಟಾಗಬ್ಯಾಡ. ಈ ಸಲಾನೂ ಇಲ್ಲೇ ಮಾಡ್ಕೋತೀನಿ. ಅತ್ತಿಯವ್ರಿಗೆ ನನ್ನ ಮೈ ಗೊತ್ತಾಗೇತಿ. ದೊಡ್ಡಾಕಿನೂ ಅವರನ್ನ ಬಿಟ್ಟಿರಂಗಿಲ್ಲ. ನನಗೂ ಇಲ್ಲೇ ರೂಢಿ ಆಗಿಬಿಟ್ಟೈತಿ."

"ಆತು ಬಿಡವ್ವ" ಅಂದೆ. ಫೋನಿಟ್ಟು ಹಿಂದಿನ ಖೋಲಿಗೆ ಹೋದೆ. ಹೊರಗೆ ಮಳೆ ಧೋ ಅಂತ ಹೊಡೆಯುತ್ತಿತ್ತು. ತಲೆಯೆತ್ತಿ ನೋಡಿದೆ. ಮಾಳಿಗೆ ಒಣಗಿತ್ತು, ಒಂದು ಕಲೆಯೂ ಇರಲಿಲ್ಲ. ಅದನ್ನು ನೋಡಿ ಇನ್ನೂ ಸಿಟ್ಟು ಬಂತು.